ಊರಿಂದ ಅಕ್ಕ ಬಂದರೆ ಘಾರಾಪುರಿಗೆ ಕರೆದೊಯ್ಯುವುದು ಹೀಗೆ

ಮುಂಬಯಿಗೆ ಬಂದ ಒಡಹುಟ್ಟಿದವರಿಗೆ ಏನು ತೋರಿಸಬೇಕು? ಮಾಲ್ ಬೇಡ. ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ ಹತ್ತಿಸಿ, ಶಿವನ ಗುಹೆಗಳಿರುವ ಎಲಿಫೆಂಟಾ ದ್ವೀಪಕ್ಕೆ ಕರೆದೊಯ್ಯಿರಿ. ಅಲ್ಲಿಯವರ ಬಾಯಲ್ಲಿ ಅದು ಘಾರಾಪುರಿ. ಬಾದಾಮಿಗೆ ಕೊಟ್ಟ ನನ್ನಕ್ಕ ಗದಗ ರೈಲಿಗೆ ಬಂದು ನಾಲ್ಕು ದಿನ ಇದ್ದಳು. ಅದರಲ್ಲಿ ಒಂದಿಡೀ ದಿನ ಇದಕ್ಕೇ ಕೊಟ್ಟೆವು, ಕೊಟ್ಟದ್ದು ಸಾರ್ಥಕವಾಯಿತು.

ಮೊದಲು ದಿನ ಗೊತ್ತುಮಾಡಿ. ಸೋಮವಾರ ಗುಹೆಗಳಿಗೆ ರಜೆ. ಹಿಂದೊಮ್ಮೆ ನಾನಿದನ್ನು ವಿಚಾರಿಸದೆ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ಗೇಟ್‌ವೇಯ ಮೆಟ್ಟಿಲಿಂದಲೇ ವಾಪಸಾಗಬೇಕಾಯಿತು. ಮಳೆಗಾಲದಲ್ಲಿ ಸಮುದ್ರ ಮುನಿದರೆ ಲಾಂಚ್ ನಿಲ್ಲಿಸಿಬಿಡುತ್ತಾರೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಬೆಳಗಿನ ಮೊದಲ ಲಾಂಚುಗಳು ಒಂಬತ್ತರ ಸುಮಾರಿಗೆ ಹೊರಡುತ್ತವೆ, ಅದಕ್ಕೇ ಹೋಗಿ. ಡೊಂಬಿವಲಿ, ಮುಲುಂಡ್ ಕಡೆಯವರು ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬಹುದು. ಲೋಕಲ್‌ನ ನೂಕುನುಗ್ಗಲು ಅಭ್ಯಾಸವಿಲ್ಲದವರು ಜೊತೆಗಿದ್ದರೆ ರಜಾ ದಿನವೇ ಲೇಸು.

ಟಿಕೆಟ್ ಹೋಗಿಬರುವುದಕ್ಕೆ ಒಂದೇ. ಮರಳುವಾಗ ತೋರಿಸಬೇಕು, ಜೋಪಾನ. ಮೇಲಿನ ಅಂತಸ್ತಿನಲ್ಲಿ ಕೂರಲು ಲಾಂಚಿನಲ್ಲೇ ಒಂದಿಷ್ಟು ಹೆಚ್ಚಿಗೆ ಕೇಳುತ್ತಾರೆ. ಗಾಳಿ, ನೋಟ ಎರಡೂ ಅಲ್ಲೇ ಚೆನ್ನ. ಆದರೆ ಹೊಟ್ಟೆ ತೊಳಸುವವರಿದ್ದರೆ ಕೆಳಗೆ, ನಡುಭಾಗದಲ್ಲಿ ಕೂರಿಸಿ. ಅಲ್ಲಿ ತೂಗಾಟ ಕಡಿಮೆ.

ಹತ್ತುವ ಗಳಿಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನೀರು ಇಳಿದಿದ್ದರೆ ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ. ಲಾಂಚ್ ಒಂದೇ ಕಡೆ ನಿಲ್ಲುವುದಿಲ್ಲ, ಏರುತ್ತದೆ, ಇಳಿಯುತ್ತದೆ, ಮೆಟ್ಟಿಲಿಗೆ ಕಟ್ಟಿದ ಟೈರಿಗೆ ಉಜ್ಜಿ ಹಿಂದೆ ಸರಿಯುತ್ತದೆ. ಅಕ್ಕ ಸೀರೆಯ ನೆರಿಗೆ ಒಂದು ಕೈಲಿ ಎತ್ತಿ ಹಿಡಿದು ಎರಡು ಸಲ ಕಾಲು ಮುಂದಿಟ್ಟು ಹಿಂದೆಗೆದಳು. ಲಾಂಚಿನ ಹುಡುಗ ಅವಳ ಮಣಿಕಟ್ಟು ಹಿಡಿದು, ಅಂಚು ಮೆಟ್ಟಿಲ ಸಮಕ್ಕೆ ಏರುವವರೆಗೆ ಕಾದು, ‘ಆತಾ’, ಅಂದರೆ ಈಗ, ಎಂದ. ಅಕ್ಕನಿಗೆ ಮರಾಠಿ ಬಾರದಿದ್ದರೂ ಕಾಲು ಎತ್ತಿಟ್ಟಳು. ದೋಣಿ ಮೇಲೇಳುವಾಗ ಹತ್ತಬೇಕು. ಎರಡೂ ಕೈ ಖಾಲಿ ಇರಬೇಕು, ಚೀಲ ಬೆನ್ನಿಗಿರಲಿ.

ಕೂತ ಕೂಡಲೇ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಪಟ್ಟಿ ಬಿಗಿಯಿರಿ. ಸೆಕೆ ಎಂದು ತೆಗೆದಿಡಬೇಡಿ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು.

ಹತ್ತು ಕಿಲೋಮೀಟರ್ ದಾರಿ, ಒಂದು ತಾಸು. ನೌಕಾಪಡೆಯ ಹಡಗು, ಲಂಗರು ಹಾಕಿದ ಸರಕಿನ ಹಡಗು, ಚಳಿಗಾಲವಾದರೆ ಜೊತೆಗೇ ಹಾರಿಬರುವ ಕಡಲಹಕ್ಕಿಗಳು. ಈ ಒಂದು ತಾಸಿನಲ್ಲಿ ಹೇಳಲು ಕನ್ನಡಿಗರ ಬಳಿ ನಮ್ಮದೇ ಕಥೆ ಉಂಟು. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಪಡುಗಡಲ ಲಕ್ಷ್ಮಿಯಂತಿದ್ದ ಪುರಿಯನ್ನು ಮದಗಜಗಳಂಥ ನೂರಾರು ಹಡಗುಗಳಿಂದ ಮುತ್ತಿದ ಎಂದಿದೆ. ಆ ಪುರಿ ಇದೇ ಘಾರಾಪುರಿ ಎನ್ನುವ ವಿದ್ವಾಂಸರಿದ್ದಾರೆ, ಬೇರೆ ಜಾಗ ತೋರಿಸುವವರೂ ಇದ್ದಾರೆ. ಅಕ್ಕ ಐಹೊಳೆಗೆ ಹತ್ತಾರು ಸಲ ಹೋದವಳು. ಕಥೆ ಕೇಳಿದ ಮೇಲೆ ದ್ವೀಪದ ಗುಡ್ಡ ದೊಡ್ಡದಾಗುತ್ತ ಬರುವುದನ್ನೇ ನೋಡುತ್ತ ಕೂತಳು.

ಜೆಟ್ಟಿಯಿಂದ ಗುಡ್ಡದ ಬುಡಕ್ಕೆ ಪುಟಾಣಿ ರೈಲಿದೆ, ನಡೆದರೂ ದೂರವಿಲ್ಲ. ಮುಂದೆ ಸುಮಾರು 120 ಮೆಟ್ಟಿಲು. ಮಂಡಿನೋವಿನವರಿಗೆ ಡೋಲಿ ಸಿಗುತ್ತದೆ, ದರ ಮೊದಲೇ ಮಾತಾಡಿ. ಬುತ್ತಿಯನ್ನು ಮಾತ್ರ ಲಾಂಚಿನಲ್ಲೇ ಮುಗಿಸಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೈಯಲ್ಲಿ ಹಿಡಿದು ಮೆಟ್ಟಿಲೇರಿದರೆ ಅಲ್ಲಿನ ಮಂಗಗಳು ಬಿಡುವುದಿಲ್ಲ.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವಿದು. ಸಮಯ ಕಮ್ಮಿಯಿದ್ದರೆ ಒಂದನೇ ಗುಹೆಯೊಂದೇ ಸಾಕು, ಅಲ್ಲಿ ಎರಡು ತಾಸು ಇರಿ. ಬಾಗಿಲಲ್ಲೇ ಬಲಕ್ಕೆ ನಟರಾಜ. ಪೋರ್ಚುಗೀಸರ ಕಾಲದಿಂದ ಪೆಟ್ಟು ತಿಂದ ಶಿಲ್ಪಗಳಿವು. ಅಕ್ಕ ಹತ್ತಿರ ಹೋಗಿ, ‘ಎಷ್ಟ ಕೈ ಮುರದಾವ ನೋಡ ತಮ್ಮಾ. ನಮ್ಮ ಬಾದಾಮ್ಯಾಗ ಹದಿನೆಂಟೂ ಗಟ್ಟಿ ಅದಾವು’ ಅಂದಳು. ಹೀಗೆ ಹೋಲಿಸಿ ನೋಡುವುದೇ ನಮಗೆ ಸರಿಯಾದ ದಾರಿ. ಬಾದಾಮಿಯದು ಕೆಂಪು ಮರಳುಗಲ್ಲು, ಇದು ಕಪ್ಪು ಬಸಾಲ್ಟ್. ಅರ್ಧನಾರೀಶ್ವರ ಎರಡೂ ಕಡೆ ಇದ್ದಾನೆ.

ಕಡೆಗೆ ಹಿಂಗೋಡೆಯ ಮೂರು ಮುಖದ ಸದಾಶಿವ. ಹೊರಗಿನ ಬಿಸಿಲಿಂದ ಬಂದವರಿಗೆ ಮೊದಲು ಏನೂ ಸ್ಪಷ್ಟ ಕಾಣದು. ಫೋನಿನ ಟಾರ್ಚ್ ಹಾಕಬೇಡಿ. ಐದು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ನಡುವಿನ ಮುಖದ ದಪ್ಪ ತುಟಿ ಮೂಡುತ್ತದೆ, ಆಮೇಲೆ ಮುಚ್ಚಿದ ರೆಪ್ಪೆ. ನಿಮ್ಮ ಎಡಕ್ಕೆ ಮೀಸೆಯ ಉಗ್ರ ಮುಖ, ಬಲಕ್ಕೆ ತಾವರೆ ಹಿಡಿದ ಹೆಣ್ಣಿನಂಥ ಮುಖ. ಎತ್ತರ ಹತ್ತಿರಹತ್ತಿರ 20 ಅಡಿ. ಅಕ್ಕ ಚಪ್ಪಲಿ ಬಿಟ್ಟು ಕೈಮುಗಿದಳು. ಪೂಜೆಯಿಲ್ಲದ ದೇವರಿಗೆ ಹೂ ತರಲಿಲ್ಲವಲ್ಲ ಎಂದು ಅವಳಿಗೆ ಕಸಿವಿಸಿ.

ಕಡೆಯ ಲಾಂಚ್ ಐದೂವರೆಯ ಆಸುಪಾಸು. ಬರುವಾಗಲೇ ಕೇಳಿಟ್ಟುಕೊಂಡು ನಾಲ್ಕಕ್ಕೆ ಕೆಳಗಿಳಿಯಿರಿ. ನಾಲ್ಕು ಗಂಟೆಯ ಬಿಸಿಲಲ್ಲಿ ಮೆಟ್ಟಿಲ ಬದಿ ಮಾರುವ ಉಪ್ಪುಖಾರದ ಸೌತೆಕಾಯಿ ಬಲು ರುಚಿ, ಮಂಗನ ಕಣ್ಣು ತಪ್ಪಿಸಿ ತಿನ್ನಿ.

ಇನ್ನೊಂದು ದಿನ ಕೈಲಿದ್ದರೆ ಭಾಯಖಳಾದ ರಾಣಿಬಾಗ್ ಉದ್ಯಾನಕ್ಕೆ ಹೋಗಿ. ಪೋರ್ಚುಗೀಸರು ಈ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ದಡದಲ್ಲಿದ್ದ ಕಲ್ಲಾನೆಯನ್ನು ಕಂಡು. ಇಂಗ್ಲಿಷರು ಅದನ್ನು ಸಾಗಿಸಲು ಹೋಗಿ ಒಡೆದರು. ಜೋಡಿಸಿದ ಆನೆ ಈಗ ಅಲ್ಲಿನ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲಿದೆ. ಬುಧವಾರ ಅಲ್ಲಿ ರಜೆ. ನಾವು ಗುರುವಾರ ಲಾಂಚ್, ಶುಕ್ರವಾರ ಆನೆ ಎಂದು ಇಟ್ಟುಕೊಂಡೆವು. ರಾತ್ರಿಯ ರೈಲಿಗೆ ಮುಂಚೆ ಅಕ್ಕ ಅದರ ಮುಂದೆ ನಿಂತು, ಬೆಸೆದ ಜಾಗ ಎಲ್ಲಿದೆ ಎಂದು ಒಂದು ಸುತ್ತು ಹಾಕಿ ಹುಡುಕಿದಳು.