139 ಆರ್‌ಬಿಐ ಯಾರ ದುಡಿಮೆ?

ಅಮೆರಿಕದ ಬೇಸ್‌ಬಾಲ್ ತಂಡ ಅಟ್ಲಾಂಟಾ ಬ್ರೇವ್ಸ್‌ನ 2023ರ ಬ್ಯಾಟಿಂಗ್ ಬಗ್ಗೆ ನಮ್ಮಲ್ಲಿ ಇನ್ನೂ ಜಗಳ ಮುಗಿದಿಲ್ಲ. ಆ ವರ್ಷ ತಂಡ 307 ಹೋಮ್ ರನ್ (ಒಂದೇ ಹೊಡೆತದಲ್ಲಿ ನಾಲ್ಕೂ ಬೇಸ್, ಅಂದರೆ ಮೈದಾನದ ನಾಲ್ಕು ಮೂಲೆ, ಸುತ್ತಿಬರುವುದು) ಹೊಡೆದು 2019ರ ಮಿನ್ನೆಸೋಟ ಟ್ವಿನ್ಸ್ ದಾಖಲೆಯನ್ನು ಸರಿಗಟ್ಟಿತು. 947 ರನ್ ಗಳಿಸಿ 104 ಪಂದ್ಯ ಗೆದ್ದಿತು. ಇಡೀ ತಂಡದ ಸ್ಲಗ್ಗಿಂಗ್ ಸರಾಸರಿ, ಸುಮಾರಾಗಿ ಹೇಳುವುದಾದರೆ ಒಂದು ಸರದಿಗೆ ಹೊಡೆತದಿಂದ ಸಿಕ್ಕ ಬೇಸ್‌ಗಳ ಲೆಕ್ಕ, .501. ಅಲ್ಲಿನ ಅತ್ಯುನ್ನತ ಮಟ್ಟದ ಮೇಜರ್ ಲೀಗ್‌ನಲ್ಲಿ ಋತುವಿನ ಕೊನೆಗೆ .500 ದಾಟಿ ನಿಂತ ತಂಡ ಅದಕ್ಕೂ ಮೊದಲು ಇರಲಿಲ್ಲ. ಹೀಗೆ ಎಲ್ಲರೂ ಹೊಡೆಯುವ ತಂಡದಲ್ಲಿ ಯಾರ ಬೆಲೆ ಎಷ್ಟು ಎಂದು ಹೇಳುವುದು ಹೇಗೆ?

ಅಟ್ಲಾಂಟಾ ಬಳಿಯ ಆಲ್ಫರೆಟ್ಟಾದ ನಮ್ಮ ಗೆಳೆಯರ ಬಳಗದಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡಿ ಬೆಳೆದವರು. ಅವರ ಉತ್ತರ ಮ್ಯಾಟ್ ಓಲ್ಸನ್. 54 ಹೋಮ್ ರನ್, 139 ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್), ಎರಡರಲ್ಲೂ ಆ ವರ್ಷ ಮೇಜರ್ ಲೀಗ್‌ಗೇ ಮೊದಲಿಗರು. ನನ್ನ ಮತ ರೊನಾಲ್ಡ್ ಅಕುನ್ಯಾ ಜೂನಿಯರ್ ಅವರಿಗೆ. ಬಾಯಿಮಾತಿನಲ್ಲಿ ಇದು ತೀರುವುದಿಲ್ಲವೆಂದು ಗೊತ್ತಾದ ಮೇಲೆ ಎಕ್ಸೆಲ್ ಹಾಳೆ ತೆರೆದು ಕುಳಿತೆ.

ಮೊದಲು ಮಾಡಿದ ಕೆಲಸ ಆರ್‌ಬಿಐ ಕಾಲಂ ಅನ್ನು ಬದಿಗೆ ಸರಿಸಿದ್ದು. ತಾನು ಹೊಡೆದಾಗ ಬೇಸ್ ಮೇಲಿದ್ದವರು ಸುತ್ತು ಮುಗಿಸಿ ಮನೆ ಸೇರಿದರೆ ಆ ರನ್ನೆಲ್ಲ ಹೊಡೆದವನ ಖಾತೆಗೆ ಹೋಗುತ್ತದೆ. ಆದರೆ ಅವರು ಅಲ್ಲಿಗೆ ಬಂದದ್ದು ತಮ್ಮ ಸಾಮರ್ಥ್ಯದಿಂದ. ಓಲ್ಸನ್ ಮುಂದೆ ಆಡುತ್ತಿದ್ದ ಅಕುನ್ಯಾ ಅವರ ಆನ್-ಬೇಸ್ ಸರಾಸರಿ .416. ನೂರು ಸಲ ಬ್ಯಾಟ್ ಹಿಡಿದರೆ ಸುಮಾರು ನಲವತ್ತೆರಡು ಸಲ ಔಟಾಗದೆ ಬೇಸ್ ತಲುಪುವ ಆಟಗಾರ ಮುಂದಿದ್ದರೆ ಹಿಂದಿನವರಿಗೆ ಅವಕಾಶಕ್ಕೇನು ಬರ? ಅತ್ತ ಅಕುನ್ಯಾ ಪ್ರತಿ ಪಂದ್ಯದ ಮೊದಲ ಸರದಿಯಲ್ಲಿ ಖಾಲಿ ಬೇಸ್‌ಗಳನ್ನು ನೋಡಿಕೊಂಡೇ ಬ್ಯಾಟ್ ಹಿಡಿಯಬೇಕಿತ್ತು. ಆದರೂ ಅವರು 106 ಆರ್‌ಬಿಐ ಗಳಿಸಿದರು. ಆ 106 ಎಲ್ಲಿಂದ ಬಂತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಆರ್‌ಬಿಐ ಬದಲು ನಾನು ಬಳಸಿದ್ದು ಪ್ರತಿ ಹೊಡೆತಕ್ಕೂ ಒಂದು ರನ್ ಬೆಲೆ ಕಟ್ಟುವ ಹಳೆಯ ಪದ್ಧತಿ. ಕೆನಡಾದ ಜಾರ್ಜ್ ಲಿಂಡ್ಸೆ 1963ರಲ್ಲಿ ಇದರ ಲೆಕ್ಕ ಪ್ರಕಟಿಸಿದ್ದರು. ಅದಕ್ಕೆ ಬೇಕಾದ ಪಂದ್ಯಗಳ ವಿವರವನ್ನು ಬರೆದಿಟ್ಟುಕೊಟ್ಟವರು ಅವರ ತಂದೆ, ಸೇನೆಯಿಂದ ನಿವೃತ್ತರಾದ ಕರ್ನಲ್. ರೇಡಿಯೊ ಎದುರು ಕುಳಿತು ಚೆಂಡು ಚೆಂಡಿಗೂ ಬರೆದುಕೊಂಡ ಆ ತಂದೆಯನ್ನು ನೆನೆದರೆ ನನಗೆ ವಿಚಿತ್ರ ಅಕ್ಕರೆ. ಮುಂದೆ ಪೀಟ್ ಪಾಮರ್ ಅದನ್ನು ಬೆಳೆಸಿ ಜನಪ್ರಿಯಗೊಳಿಸಿದರು.

ತತ್ವ ಸರಳ. ಯಾರೂ ಔಟಾಗಿಲ್ಲ, ಬೇಸ್‌ಗಳೂ ಖಾಲಿ ಎಂದಾದರೆ ಆ ಇನಿಂಗ್ಸ್‌ನಲ್ಲಿ ಸರಾಸರಿ ಅರ್ಧ ರನ್ ಬರುತ್ತದೆ. ಒಬ್ಬ ವಾಕ್ (ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟಾಗ ಸಿಗುವ ಪುಕ್ಕಟೆ ಬೇಸ್) ಪಡೆದು ಮೊದಲ ಬೇಸ್‌ಗೆ ಹೋದ ಕೂಡಲೇ ಅದು ಸುಮಾರು 0.9ಕ್ಕೆ ಏರುತ್ತದೆ. ಅಂದರೆ ಬ್ಯಾಟ್ ಬೀಸದೆಯೇ ಆತ 0.4 ರನ್ ದುಡಿದ. ಇಂಥ ಎಲ್ಲ ಸನ್ನಿವೇಶಗಳ ಸರಾಸರಿ ತೆಗೆದರೆ ವಾಕ್‌ಗೆ 0.33, ಒಂದು ಬೇಸ್ ತರುವ ಹೊಡೆತ ಸಿಂಗಲ್‌ಗೆ 0.47, ಎರಡು ತರುವ ಡಬಲ್‌ಗೆ 0.78, ಮೂರು ತರುವ ಟ್ರಿಪಲ್‌ಗೆ 1.09, ಹೋಮ್ ರನ್‌ಗೆ 1.40. ಚೆಂಡು ಮೈಗೆ ತಾಗಿ ಬೇಸ್ ಸಿಕ್ಕರೆ ಅದಕ್ಕೂ ವಾಕ್‌ನ ಬೆಲೆಯನ್ನೇ ಕೊಟ್ಟೆ. ಔಟಿಗೆ ಮಾತ್ರ ಆ ವರ್ಷದ ಲೀಗ್ ಮೊತ್ತ ಹೆಚ್ಚುಕಡಿಮೆ ಸೊನ್ನೆಗೆ ಬರುವಂತೆ ಮೈನಸ್ 0.27 ಇಟ್ಟುಕೊಂಡೆ. ಆಗ ಕೊನೆಗೆ ಉಳಿಯುವ ಸಂಖ್ಯೆ, ಅಷ್ಟೇ ಅವಕಾಶದಲ್ಲಿ ಸರಾಸರಿ ಬ್ಯಾಟರ್ ಒಬ್ಬನಿಗಿಂತ ಈತ ಎಷ್ಟು ರನ್ ಹೆಚ್ಚು ತಂದ ಎಂಬುದನ್ನು ಹೇಳುತ್ತದೆ.

ಅಕುನ್ಯಾ ಅವರ ಸಾಲು ಹೀಗಿತ್ತು: 217 ಹಿಟ್, ಅದರಲ್ಲಿ 137 ಸಿಂಗಲ್, 35 ಡಬಲ್, 4 ಟ್ರಿಪಲ್, 41 ಹೋಮ್ ರನ್. 80 ವಾಕ್, ಮೈಗೆ ತಾಗಿದ್ದು 9 ಸಲ. ಗುಣಿಸಿ ಕೂಡಿದರೆ ಸುಮಾರು 183 ರನ್. ಅದರಿಂದ 426 ಔಟ್‌ಗಳ ವೆಚ್ಚ 115 ಕಳೆದರೆ 68. ಓಲ್ಸನ್ ಅವರದು 172 ಹಿಟ್, 104 ವಾಕ್. ಹೋಮ್ ರನ್ ಹದಿಮೂರು ಹೆಚ್ಚಿದ್ದರೂ ಜಮೆ 177, ವೆಚ್ಚ 118, ಉಳಿಕೆ 59. ಅದರ ಮೇಲೆ ಅಕುನ್ಯಾ 73 ಬೇಸ್ ಕದ್ದಿದ್ದರು (ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡಿ ಸೇರುವುದು), 14 ಸಲ ಸಿಕ್ಕಿಬಿದ್ದಿದ್ದರು. ಒಂದು ಕಳವಿಗೆ 0.2, ಸಿಕ್ಕಿಬಿದ್ದರೆ ಮೈನಸ್ 0.4 ಎಂದು ಹಿಡಿದರೆ ಇನ್ನೂ ಒಂಬತ್ತು ರನ್. ಒಟ್ಟು 77ಕ್ಕೆ 59. ಹತ್ತು ರನ್‌ಗೆ ಒಂದು ಗೆಲುವು ಎಂಬುದು ಬೇಸ್‌ಬಾಲ್‌ನ ಒರಟು ಲೆಕ್ಕ. ಆ ಪ್ರಕಾರ ವ್ಯತ್ಯಾಸ ಎರಡು ಪಂದ್ಯಗಳ ಹತ್ತಿರ. ಆ ವರ್ಷ ನ್ಯಾಷನಲ್ ಲೀಗ್‌ನ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಮತದಾನದಲ್ಲಿ ಮೊದಲ ಸ್ಥಾನದ ಮತಗಳೆಲ್ಲ ಅಕುನ್ಯಾ ಅವರಿಗೇ ಬಿದ್ದವು, ಓಲ್ಸನ್ ನಾಲ್ಕನೆಯವರಾದರು.

ಈ ಹಾಳೆ ತೋರಿಸಿದಾಗ ಗೆಳೆಯರೊಬ್ಬರು ಒಪ್ಪದೇ ಹೋದದ್ದು ವಾಕ್ ವಿಷಯಕ್ಕೆ. ‘ಸುಮ್ಮನೆ ನಿಂತದ್ದಕ್ಕೂ ಅಂಕವೇ ಸ್ವಾಮಿ?’ ಎಂದರು. ಅಂಕವೇ. ಒಂಬತ್ತು ಇನಿಂಗ್ಸ್‌ಗೆ ತಂಡದ ಕೈಯಲ್ಲಿರುವುದು 27 ಔಟ್. ಅದು 27 ರೂಪಾಯಿ ಇದ್ದಂತೆ, ಖರ್ಚಾದರೆ ಅಂಗಡಿ ಮುಚ್ಚಿತು. ಒಂದು ರೂಪಾಯಿಯನ್ನೂ ಮುಟ್ಟದೆ ಮುಂದಿನವನಿಗೆ ಸರದಿ ದಾಟಿಸುವವನು ದುಡಿಯುತ್ತಿದ್ದಾನೆ ಎಂದೇ ಅರ್ಥ. ಓಲ್ಸನ್ ಅವರ 167 ಸ್ಟ್ರೈಕ್‌ಔಟ್ (ಚೆಂಡನ್ನು ಆಟಕ್ಕಿಳಿಸದೆ ಮೂರು ಸ್ಟ್ರೈಕ್‌ಗೆ ಔಟಾಗುವುದು) ನೋಡಿ ಮೂಗು ಮುರಿಯುವವರಿಗೂ ನನ್ನದು ಇದೇ ಉತ್ತರ. ಸ್ಟ್ರೈಕ್‌ಔಟ್ ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ, ಆದರೆ ಬೆಲೆಯಲ್ಲಿ ಬೇರೆ ಔಟ್‌ಗಿಂತ ಹೆಚ್ಚೇನೂ ಕೆಟ್ಟದ್ದಲ್ಲ. ನೆಲದಲ್ಲಿ ಉರುಳಿದ ಚೆಂಡು ಒಮ್ಮೊಮ್ಮೆ ಇಬ್ಬರನ್ನು ಒಟ್ಟಿಗೆ ಔಟ್ ಮಾಡಿಸುತ್ತದೆ, ಸ್ಟ್ರೈಕ್‌ಔಟ್‌ನಲ್ಲಿ ಆ ಭಯ ಕಡಿಮೆ.

ಇನ್ನು ಕ್ರಮಾಂಕ. ಕ್ರಿಕೆಟ್‌ನಲ್ಲಿ ಒಂಬತ್ತನೆಯವನೆಂದರೆ ಬಾಲ. ಬೇಸ್‌ಬಾಲ್‌ನಲ್ಲಿ ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನೇ ಬರುತ್ತಾನೆ. ಹಾಗಾಗಿ ಕ್ರಮಾಂಕದ ಮುಖ್ಯ ಪರಿಣಾಮ ಅವಕಾಶಗಳ ಹಂಚಿಕೆ ಮಾತ್ರ: ಒಂದು ಸ್ಥಾನ ಕೆಳಗಿಳಿದರೆ ಇಡೀ ಋತುವಿನಲ್ಲಿ ಸುಮಾರು ಹದಿನೆಂಟು ಸರದಿ ಕಡಿಮೆ. ವ್ಯವಸ್ಥಾಪಕ ಬ್ರಯಾನ್ ಸ್ನಿಟ್ಕರ್ ಓಲ್ಸನ್ ಅವರನ್ನು ಮೊದಲು ಎರಡನೆಯ ಸ್ಥಾನದಲ್ಲಿ ಆಡಿಸಿ ಆಮೇಲೆ ನಾಲ್ಕಕ್ಕೆ ಕಳಿಸಿದಾಗ ನಮ್ಮ ಬಳಗದಲ್ಲಿ ವಾರಗಟ್ಟಲೆ ಚರ್ಚೆಯಾಯಿತು. ಅದೇ ಒಂಬತ್ತು ಜನರನ್ನು ಬುದ್ಧಿಯಿಂದ ಹೇಗೆ ಜೋಡಿಸಿದರೂ ವರ್ಷಕ್ಕೆ ಒಂದು ಗೆಲುವಿನಷ್ಟು ಅಂತರ ಸಿಕ್ಕರೆ ದೊಡ್ಡದು. ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕಿಂತ ಯಾರು ತಂಡದಲ್ಲಿದ್ದಾರೆ ಎಂಬುದರ ತೂಕವೇ ಬಹಳ ಹೆಚ್ಚು.

ನನ್ನ ಹಾಳೆಯಲ್ಲಿ ನಾನು ಬಹಳ ಹೊತ್ತು ನೋಡಿದ್ದು ಒಂಬತ್ತನೆಯ ಸಾಲನ್ನು. ಅಲ್ಲಿ ಮೈಕಲ್ ಹ್ಯಾರಿಸ್. ಜೂನ್ ಆರಂಭದಲ್ಲಿ ಅವರ ಬ್ಯಾಟಿಂಗ್ ಸರಾಸರಿ (ಸರದಿಗೆ ಎಷ್ಟು ಹಿಟ್ ಎಂಬ ಲೆಕ್ಕ) .200ನ್ನೂ ಮುಟ್ಟಿರಲಿಲ್ಲ. ವರ್ಷದ ಕೊನೆಗೆ .293, 33 ಡಬಲ್, 18 ಹೋಮ್ ರನ್. ಲೆಕ್ಕದಲ್ಲಿ ಸರಾಸರಿಗಿಂತ ಹನ್ನೆರಡು ರನ್ ಮೇಲೆ. ಅನೇಕ ತಂಡಗಳಲ್ಲಿ ಒಂಬತ್ತನೆಯ ಸಾಲು ಮೈನಸ್‌ನಲ್ಲೇ ಇರುತ್ತದೆ. ಮೊದಲ ಸುತ್ತು ಮುಗಿದ ಮೇಲೆ ಅಕುನ್ಯಾ ಎದುರಿಗೆ ಬೇಸ್ ಮೇಲೆ ನಿಂತಿರುತ್ತಿದ್ದವರು ಇವರು ಮತ್ತು ಎಂಟನೆಯ ಒರ್ಲಾಂಡೊ ಆರ್ಸಿಯಾ. ಮೊದಲನೆಯವನಿಗೆ 106 ಆರ್‌ಬಿಐ ಬಂದದ್ದು ಹೀಗೆ. ಚೆಂಡೆಸೆಯುವ ಎದುರಾಳಿ ಪಿಚರ್‌ಗೆ ಉಸಿರಾಡಲು ಬಿಡುವೇ ಇಲ್ಲದ ಪಟ್ಟಿ ಅದು.

ಹ್ಯಾರಿಸ್ ವಿಷಯದಲ್ಲಿ ಈ ಹಾಳೆ ಹೇಳದ ಮಾತೂ ಇದೆ. ಫಿಲಡೆಲ್ಫಿಯಾ ಎದುರಿನ ಪ್ಲೇಆಫ್‌ನ ಎರಡನೆಯ ಪಂದ್ಯ ಮುಗಿದದ್ದು ಗೋಡೆಯ ಬಳಿ ಹಾರಿ ಅವರು ಹಿಡಿದ ಕ್ಯಾಚಿನಿಂದ. ಕ್ಯಾಚಾದರೆ ಓಟಗಾರ ಹಿಂದಿನ ಬೇಸ್‌ಗೆ ಮರಳಬೇಕು; ತುಂಬಾ ದೂರ ಓಡಿದ್ದ ಫಿಲಡೆಲ್ಫಿಯಾದ ಬ್ರೈಸ್ ಹಾರ್ಪರ್ ಮೊದಲ ಬೇಸ್‌ಗೆ ಮರಳುವ ಮೊದಲೇ ಚೆಂಡು ಅಲ್ಲಿ ಸೇರಿತ್ತು. ಆ ಬೆಲೆ ಬ್ಯಾಟಿಂಗ್ ಲೆಕ್ಕದಲ್ಲಿ ಬರುವುದಿಲ್ಲ, ಬೇರೆ ಹಾಳೆ ಬೇಕು. ಆ ಸರಣಿಯ ನಾಲ್ಕು ಪಂದ್ಯಗಳಲ್ಲಿ 947 ರನ್‌ಗಳ ತಂಡ ಗಳಿಸಿದ್ದು ಎಂಟೇ ರನ್. ಮನೆಗೆ ಹೋಯಿತು. ಬೇಸರವಾಯಿತು, ಆದರೆ ನಾಲ್ಕು ಪಂದ್ಯ ನೋಡಿ ನಾನು ಯಾವ ಸಾಲನ್ನೂ ತಿದ್ದಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಇದೇ ತಂಡದ ಮಾರ್ಸೆಲ್ ಒಸುನಾ ಅವರ ಸರಾಸರಿ .100 ಕೂಡ ಇರಲಿಲ್ಲ, ಅವರನ್ನು ಕೈಬಿಡಬೇಕೆಂದು ಎಲ್ಲರೂ ಹೇಳುತ್ತಿದ್ದರು. ಅವರು ಋತು ಮುಗಿಸಿದ್ದು 40 ಹೋಮ್ ರನ್‌ಗಳೊಂದಿಗೆ.

ಒಸುನಾ ಅವರೇ ಮರುವರ್ಷ ನನ್ನ ವಾದಕ್ಕೆ ಸಾಕ್ಷಿಯಾದರು. 2024ರ ಮೇ 26ರಂದು ಪಿಟ್ಸ್‌ಬರ್ಗ್‌ನಲ್ಲಿ ಅಕುನ್ಯಾ ಅವರ ಎಡ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ತಂಡದ ಇನ್ನಿಬ್ಬರು ಮುಖ್ಯ ಬ್ಯಾಟರ್‌ಗಳಾದ ಆಲ್ಬೀಸ್, ರೈಲಿ ಕೂಡ ಗಾಯದಿಂದ ಹೊರಗುಳಿದರು. ತಂಡದ ರನ್ 947ರಿಂದ 704ಕ್ಕೆ ಕುಸಿಯಿತು. ಒಸುನಾ ಮಾತ್ರ 162 ಪಂದ್ಯಗಳನ್ನೂ ಆಡಿ .302 ಸರಾಸರಿಯಲ್ಲಿ 39 ಹೋಮ್ ರನ್ ಹೊಡೆದರು. 2023ರಲ್ಲಿ 31 ಇದ್ದ ಅವರ ಲೆಕ್ಕ ಅದೇ ಬೆಲೆಪಟ್ಟಿಯಲ್ಲಿ 43ಕ್ಕೆ ಏರಿತು. ಆದರೆ ಆರ್‌ಬಿಐ? ಹಿಂದಿನ ವರ್ಷ 144 ಪಂದ್ಯಗಳಲ್ಲಿ 100, 2024ರಲ್ಲಿ ಹದಿನೆಂಟು ಪಂದ್ಯ ಹೆಚ್ಚು ಆಡಿಯೂ 104. ಆಟ ಸುಧಾರಿಸಿತ್ತು, ಮುಂದೆ ಬೇಸ್ ಮೇಲೆ ನಿಲ್ಲುವವರು ಕಡಿಮೆಯಾಗಿದ್ದರು.

ಆರ್‌ಬಿಐ ಕಾಲಂ ಅನ್ನು ನಾನು ಅಳಿಸಿಲ್ಲ, ಹಾಳೆಯ ಬಲತುದಿಗೆ ಸರಿಸಿಟ್ಟಿದ್ದೇನೆ. ಗೆಳೆಯರು ಫೋನ್ ಕಸಿದುಕೊಂಡು ಮೊದಲು ಹುಡುಕುವುದು ಅದನ್ನೇ.