ಫ್ರೆಂಚ್ ಕಲಿಯಲು ಇಂಗ್ಲಿಷಿನ ಸುತ್ತುದಾರಿ ಬೇಡ

ಪದವಿ ತರಗತಿಯಲ್ಲಿ ಫ್ರೆಂಚ್ ಆಯ್ದುಕೊಂಡವರಲ್ಲಿ ಹಲವರು ಮೊದಲ ತಿಂಗಳಲ್ಲೇ ಮುಗ್ಗರಿಸುತ್ತಾರೆ. ತಪ್ಪು ಫ್ರೆಂಚಿನದಲ್ಲ. ಪ್ರತಿ ವಾಕ್ಯವನ್ನೂ ಮೊದಲು ಇಂಗ್ಲಿಷಿಗೆ ತಂದು, ಅಲ್ಲಿಂದ ಫ್ರೆಂಚಿಗೆ ದಾಟಿಸುವ ಅಭ್ಯಾಸದ್ದು. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೊರಟವರು ವಿರುದ್ಧ ದಿಕ್ಕಿನ ಕುಶಾಲನಗರದ ಬಸ್ ಹತ್ತಿದ ಹಾಗೆ.

ಮೊದಲ ಎರಡು ವಾರ ಪುಸ್ತಕಕ್ಕಿಂತ ಕಿವಿಗೆ ಹೆಚ್ಚು ಕೆಲಸ ಕೊಡಿ. ‘ತು’ ಎಂದರೆ ನೀನು. ಆದರೆ ಅದರಲ್ಲಿರುವುದು ನಮ್ಮ ಉಕಾರವಲ್ಲ. ಬಾಯೊಳಗೆ ‘ಈ’ ಎನ್ನುತ್ತಾ ತುಟಿಯನ್ನು ಮಾತ್ರ ‘ಊ’ಗೆ ಮಾಡುವಂತೆ ಮುಂದೆ ಚಾಚಿ, ಅದು ಬರುತ್ತದೆ. ರಕಾರ ನಾಲಿಗೆಯ ತುದಿಯದ್ದಲ್ಲ, ಗಂಟಲಿನದು. ‘ಬೋಂಜೂರ್’ (ನಮಸ್ಕಾರ) ಎನ್ನುವಾಗ ಸೊನ್ನೆಯನ್ನು ಪೂರ್ತಿ ಞಕಾರವಾಗಿಸದೆ, ಹಿಂದಿಯ ‘ಮೈಂ’ನಲ್ಲಿರುವಂತೆ ಮೂಗಿನಲ್ಲೇ ಬಿಡಿ. ಉಚ್ಚಾರಣೆಯನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಬೇಡಿ, ಬರೆದದ್ದೇ ಬಾಯಲ್ಲಿ ಉಳಿದುಬಿಡುತ್ತದೆ. (ಇಲ್ಲಿ ನಾನು ಬರೆಯುತ್ತಿರುವುದು ಪತ್ರಿಕೆಯ ಅನಿವಾರ್ಯ.)

ಆಮೇಲೆ ಎರಡು ಕ್ರಿಯಾಪದ: ‘ಎತ್ರ್’, ಅಂದರೆ ಇರು ಮತ್ತು ‘ಅವ್ವಾರ್’, ಅಂದರೆ ಹೊಂದಿರು. ಸುತ್ತುದಾರಿಯ ನಷ್ಟ ಗೊತ್ತಾಗುವುದೇ ಇಲ್ಲಿ. ಇಂಗ್ಲಿಷಿನ ಮೂಲಕ ಬಂದ ವಿದ್ಯಾರ್ಥಿ ವಯಸ್ಸು ಹೇಳಲು ‘ಎತ್ರ್’ ಹಿಡಿದು ‘ಜ ಸ್ವಿ ವ್ಯಾಂ’ ಎನ್ನುತ್ತಾನೆ. ಅದು ತಪ್ಪು. ‘ಅವ್ವಾರ್’ ಹಿಡಿದು ‘ಜೇ ವ್ಯಾಂತಾಂ’ ಎನ್ನಬೇಕು, ಅಂದರೆ ನನ್ನಲ್ಲಿ ಇಪ್ಪತ್ತು ವರ್ಷ ಇವೆ. ಹಸಿವಾದರೆ ‘ಜೇ ಫ್ಯಾಂ’, ನನ್ನಲ್ಲಿ ಹಸಿವಿದೆ. ಕನ್ನಡದಲ್ಲೂ ಹಸಿವು ನಾಮಪದವೇ ತಾನೇ? ‘ನನಗೆ ಹಸಿವಿದೆ’ ಎನ್ನುವವರಿಗೆ ಇದು ಪಕ್ಕದ ಮನೆ.

ಆ ‘ವ್ಯಾಂತಾಂ’ ಅನ್ನು ಇನ್ನೊಮ್ಮೆ ನೋಡಿ. ‘ವ್ಯಾಂ’ ಇಪ್ಪತ್ತು, ‘ಆಂ’ ವರ್ಷ. ನಡುವಿನ ತಕಾರ ಎಲ್ಲಿಂದ ಬಂತು? ಬರಹದಲ್ಲಿದ್ದೂ ಬಾಯಲ್ಲಿ ಮಲಗಿದ್ದ ಅಕ್ಷರ ಅದು, ಮುಂದೆ ಸ್ವರ ಬಂದೊಡನೆ ಎದ್ದು ಕೂರುತ್ತದೆ. ಹೈಸ್ಕೂಲಿನಲ್ಲಿ ‘ಮನೆ + ಅನ್ನು = ಮನೆಯನ್ನು’ ಎಂದು ಆಗಮ ಸಂಧಿ ಬಿಡಿಸಿದವರು ಇದಕ್ಕೆ ಬೆಚ್ಚಬೇಕಾಗಿಲ್ಲ. ನಮ್ಮಲ್ಲಿ ಯಕಾರ ಹೊಸದಾಗಿ ಬರುತ್ತದೆ, ಅವರಲ್ಲಿ ಮಲಗಿದ್ದದ್ದು ಏಳುತ್ತದೆ, ಅಷ್ಟೇ.

ಪದಗಳ ಜೋಡಣೆಯಲ್ಲೂ ಇಂಥ ಕೊಡುಗೆಗಳಿವೆ. ‘ಜ ಲ ಬ್ವಾ’ ಎಂದರೆ ‘ನಾನು ಅದನ್ನು ಕುಡಿಯುತ್ತೇನೆ’, ಕನ್ನಡದ್ದೇ ಸಾಲು. ‘ತು’ ಮತ್ತು ‘ವೂ’ಗಳ ಅಂತರವಂತೂ ನೀನು, ನೀವು ಬಲ್ಲವರಿಗೆ ಹೇಳಿಕೊಡಬೇಕಾಗಿಲ್ಲ.

ಕನ್ನಡ ಕೈಕೊಡುವುದು ಲಿಂಗದಲ್ಲಿ. ನಮಗೆ ಕಾಫಿಯೂ ಮಳೆಯೂ ನಪುಂಸಕ. ಫ್ರೆಂಚಿನಲ್ಲಿ ಕಾಫಿ ಗಂಡು (ಲ ಕಫೇ), ಮಳೆ ಹೆಣ್ಣು (ಲಾ ಪ್ಲುಯಿ), ಕರಿಮೆಣಸು ಗಂಡು, ಏಲಕ್ಕಿ ಹೆಣ್ಣು, ಜೇನು ಗಂಡು, ಕಿತ್ತಳೆ ಹೆಣ್ಣು. ಏಕೆ ಎಂದು ಕೇಳಿ ಪ್ರಯೋಜನವಿಲ್ಲ. ಶಾಲೆಯಲ್ಲಿ ಕಲಿತ ಹಿಂದಿ ಇಲ್ಲಿ ಕೈಹಿಡಿಯುತ್ತದೆ, ಆದರೆ ಅದರ ಲಿಂಗಗಳು ಇಲ್ಲಿಗೆ ಹೊಂದುತ್ತವೆಂದು ನಂಬಬೇಡಿ. ಪದವನ್ನು ಒಂಟಿಯಾಗಿ ಕಲಿಯದೆ ‘ಲ’ ಅಥವಾ ‘ಲಾ’ ಸೇರಿಸಿಯೇ ಬಾಯಿಪಾಠ ಮಾಡಿ. ಮೊದಲ ಐವತ್ತು ಪದಗಳನ್ನು ತೋಟ, ಅಡುಗೆಮನೆಗಳಿಂದಲೇ ಆರಿಸಿದರೆ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತವೆ.

ಸಂಖ್ಯೆಗಳಿಗೆ ನಿಮ್ಮ ಮೊಬೈಲ್ ಸಂಖ್ಯೆಯೇ ಸಾಕು. ಫ್ರಾನ್ಸಿನಲ್ಲೂ ದೂರವಾಣಿ ಸಂಖ್ಯೆ ಹತ್ತು ಅಂಕಿಯದ್ದೇ, ಅದನ್ನು ಎರಡೆರಡಾಗಿ ಓದುತ್ತಾರೆ. ಅರವತ್ತರವರೆಗೆ ಸಲೀಸು, ಅಲ್ಲಿಂದ ಮುಂದೆ ಲೆಕ್ಕಾಚಾರ. ಎಪ್ಪತ್ತೆಂದರೆ ಅರವತ್ತು-ಹತ್ತು, ಎಂಬತ್ತೆಂದರೆ ನಾಲ್ಕು ಇಪ್ಪತ್ತು. ಮಡಿಕೇರಿಯ ಎಸ್‌ಟಿಡಿ ಕೋಡ್ 08272ರಲ್ಲಿ ಸೊನ್ನೆ ಬಿಟ್ಟು ಓದಿ ನೋಡಿ: ‘ಕಾತ್ರ್-ವ್ಯಾಂ-ದ್ಯೊ, ಸ್ವಾಸಾಂತ್-ದೂಜ್’. ನಾಲ್ಕು ಇಪ್ಪತ್ತು ಎರಡು, ಅರವತ್ತು-ಹನ್ನೆರಡು. ಮೊಬೈಲ್ ಸಂಖ್ಯೆ 98ರಿಂದ ಶುರುವಾಗಿದ್ದರೆ ಇನ್ನೂ ಸೊಗಸು: ನಾಲ್ಕು ಇಪ್ಪತ್ತು, ಹತ್ತು, ಎಂಟು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕರು ಎಪ್ಪತ್ತಕ್ಕೂ ತೊಂಬತ್ತಕ್ಕೂ ಬೇರೆ ನೇರ ಪದಗಳನ್ನೇ ಇಟ್ಟುಕೊಂಡಿದ್ದಾರೆ, ಜಾಣರು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಬೇಕು. ಟಿವಿ5ಮೋಂದ್ ವಾಹಿನಿಯ ಜಾಲತಾಣದಲ್ಲಿ ಆರಂಭಿಕರಿಗೆ ಉಚಿತ ವಿಡಿಯೊ ಪಾಠಗಳಿವೆ. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಯಾವಾಗ ಹೋಗುತ್ತವೆ ಎಂದು ಹೇಳಲಾಗದು. ಆದ್ದರಿಂದ ಆಡಿಯೊ ಪಾಠಗಳನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ, ಸೌದೆ ಒಟ್ಟುವ ಹಾಗೆ.

ಮಾತಾಡಲು ಜನ ಸಿಗುವುದಿಲ್ಲ ಎನ್ನುವವರು ಪರಿಚಯದ ಹೋಂಸ್ಟೇಗಳಲ್ಲಿ ಹೇಳಿಟ್ಟಿರಿ. ಫ್ರಾನ್ಸಿನ ಅತಿಥಿ ಬಂದರೆ ಮೊದಲು ‘ಬೋಂಜೂರ್’, ಆಮೇಲೆ ಉಳಿದದ್ದು. ಅದಿಲ್ಲದೆ ನೇರ ಪ್ರಶ್ನೆಗೆ ಇಳಿದರೆ ಅವರಿಗೆ ಒರಟು ಎನಿಸುತ್ತದೆ. ಅವರಲ್ಲಿ ‘ಅಂ ಕಫೇ’ ಎಂದರೆ ಚಿಕ್ಕ ಬಟ್ಟಲಿನ ಕಪ್ಪು ಕಾಫಿ, ಹಾಲು ಬೇಕಾದರೆ ‘ಕಫೇ ಓ ಲೇ’. ನಮ್ಮ ಬೆಲ್ಲದ ಕಾಫಿಯನ್ನು ವಿವರಿಸಲು ಹೊರಟರೆ ನಿಮಗೆ ಹತ್ತು ನಿಮಿಷದ ಸಂಭಾಷಣೆ ಖಾತ್ರಿ.

ವರ್ಷದ ಕೊನೆಗೆ ಫ್ರೆಂಚಿನ ಆರಂಭಿಕ ಹಂತದ ಡೆಲ್ಫ್ ಎ1 ಪರೀಕ್ಷೆ ಬರೆಯಬಹುದು, ಬೆಂಗಳೂರಿನ ವಸಂತನಗರದ ಫ್ರೆಂಚ್ ಭಾಷಾ ಸಂಸ್ಥೆ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ವಿಚಾರಿಸಿ. ಆಲಿಸುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕ. ಉತ್ತೀರ್ಣರಾಗಲು ನೂರಕ್ಕೆ 50 ಬೇಕು, ಯಾವ ಭಾಗದಲ್ಲೂ ಐದಕ್ಕಿಂತ ಕಡಿಮೆಯಾಗಬಾರದು. ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಮಾತಿನ ಭಾಗ ಐದರಿಂದ ಏಳು ನಿಮಿಷ. ಅದಕ್ಕೆ ಮೊದಲು ತಯಾರಿಗೆ ಹತ್ತು ನಿಮಿಷ ಕೊಡುತ್ತಾರೆ. ಒಳಗೆ ಹೋದಾಗ ಪರೀಕ್ಷಕರಿಗೆ ‘ವೂ’ ಎನ್ನುವುದನ್ನು ಮರೆಯಬೇಡಿ.