ಹಾಡಿನ ಪೆಟ್ಟಿಗೆ: ಯಾವುದು ಇರಲಿ, ಯಾವುದು ಹೋಗಲಿ

ಕಾಸರಗೋಡು ಕಡೆಯ ಹಳೆ ಮನೆಗಳ ಹಾಡಿನ ಪೆಟ್ಟಿಗೆ ತೆಗೆದರೆ ಎಲ್ಲವೂ ಕಲಸಿಕೊಂಡಿರುತ್ತದೆ. ಕನ್ನಡ ಸಿನಿಮಾ ಹಾಡು, ಭಾವಗೀತೆ, ಯೇಸುದಾಸರ ಅಯ್ಯಪ್ಪನ ಹಾಡು, ಮಲಬಾರಿನ ಮುಸ್ಲಿಮರ ಮಾಪ್ಪಿಳ ಪಾಟ್ಟು, ಗಲ್ಫಿನಿಂದ ಯಾರೋ ತಂದ ಗಜಲ್. ಜೊತೆಗೆ ಯಕ್ಷಗಾನದ ಆಟದ್ದೋ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಕೂಟದ್ದೋ ಒಂದು ರಾಶಿ ಕ್ಯಾಸೆಟ್. ಮನೆಗೆ ಸುಣ್ಣ ಬಳಿಯುವಾಗಲೋ ಪಾಲಾಗುವಾಗಲೋ ಪ್ರಶ್ನೆ ಏಳುತ್ತದೆ: ಇದನ್ನೆಲ್ಲ ಏನು ಮಾಡುವುದು? ಆಗ ಚಂದದ ಮುಖಪುಟ ಇರುವ ಕಂಪನಿ ಕ್ಯಾಸೆಟ್ಟುಗಳನ್ನು ಜೋಪಾನವಾಗಿ ಎತ್ತಿಡುತ್ತಾರೆ. ಬಾಲ್‌ಪೆನ್ನಿನಲ್ಲಿ ಏನೋ ಗೀಚಿದವು ಗುಜರಿಗೆ ಹೋಗುತ್ತವೆ. ಮಾಡಬೇಕಾದ್ದು ಇದರ ಉಲ್ಟಾ.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವ ಹಿಡಿದ ಟೇಪು ಸುತ್ತಿನೊಳಗೆ ಅಂಟಿಕೊಂಡಿರುತ್ತದೆ, ಓಡಿಸುವಾಗ ಹರಿಯಬಹುದು. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆಯೇ ಒಳ್ಳೆಯದು.

ಮೊದಲು ನೆನಪಿನಿಂದ ಪಟ್ಟಿ

ಬೀರು ತೆಗೆಯುವ ಮುಂಚೆ ಒಂದು ಹಾಳೆ ತಗೊಳ್ಳಿ. ನಿಮ್ಮಲ್ಲಿ ಯಾವ ಆಲ್ಬಂ ಉಂಟು ಅಂತ ನೋಡದೆ, ನೆನಪಾದದ್ದನ್ನು ಮಾತ್ರ ಬರೆಯಿರಿ. ಬೀರು ತೆಗೆದ ಮೇಲೆ ಎಲ್ಲವೂ ಬೇಕು ಅನಿಸುತ್ತದೆ, ಅದು ಮನುಷ್ಯರ ಸ್ವಭಾವ. ಪಟ್ಟಿಗೆ ತಾನಾಗಿ ಬಂದವು ಇರಲಿ. ಬಾರದ ಕಂಪನಿ ಆಲ್ಬಂಗಳ ವಿಚಾರಣೆ ಆಮೇಲೆ.

ಮೂರು ರಾಶಿ

ಈಗ ಎಲ್ಲವನ್ನೂ ನೆಲಕ್ಕೆ ಇಳಿಸಿ. ಕಂಪನಿಯವರು ಮಾಡಿದ್ದು ಒಂದು ಕಡೆ. ಅಂಗಡಿಯಲ್ಲಿ ಚೀಟಿ ಕೊಟ್ಟು ಹಾಡು ತುಂಬಿಸಿಕೊಂಡದ್ದು ಇನ್ನೊಂದು ಕಡೆ. ಮನೆಯವರೇ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ಮಾಡಿಕೊಂಡದ್ದು ಮೂರನೆಯದು.

ಮೂರನೇ ರಾಶಿಯ ಪ್ರತಿ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಎರಡನ್ನೂ ಈಗಲೇ ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ.

ಎರಡನೇ ರಾಶಿಯನ್ನು ಬಿಡುವುದು ಸುಲಭ. ಆ ಹಾಡುಗಳು ಇದಕ್ಕಿಂತ ಒಳ್ಳೆಯ ಸ್ವರದಲ್ಲಿ ಬೇರೆ ಕಡೆ ಸಿಗುತ್ತವೆ. ಆದರೆ ಬಿಡುವ ಮುಂಚೆ ಬಿ ಬದಿಯ ಕೊನೆ ಕೇಳಿ. ಸಿ-60 ಕ್ಯಾಸೆಟ್ಟಿನಲ್ಲಿ ಬದಿಗೆ 30 ನಿಮಿಷ, ಸಿ-90ರಲ್ಲಿ 45. ಹಾಡು ಮುಗಿದು ನಾಲ್ಕೈದು ನಿಮಿಷ ಉಳಿದಿದ್ದರೆ ಅಲ್ಲಿ ಮಗು ಬಾಯಿಪಾಠ ಹೇಳಿದ್ದೋ ಅಜ್ಜಿ ಸೋಬಾನೆ ಹೇಳಿದ್ದೋ ಇರಬಹುದು. ಅಂಥದ್ದು ಸಿಕ್ಕಿದರೆ ಕ್ಯಾಸೆಟ್ ಮೂರನೇ ರಾಶಿಗೆ.

ಹಾಕುವ ಮುಂಚೆ ನೋಡಿ

ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಪ್ಲೇಯರಿಗೆ ಹಾಕಲೇಬೇಡಿ. ಟೇಪಿನಿಂದ ಸ್ವರ ಎತ್ತುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅಪರೂಪದ್ದಾದರೆ ಬೇರೆ ಡಬ್ಬದಲ್ಲಿ ಇಟ್ಟು, ತಿಳಿದವರಿಂದ ಶುದ್ಧ ಮಾಡಿಸಿ.

ಟೇಪು ಓಡುವ ಬಾಯಿಯ ನಡುವೆ ತಾಮ್ರದ ಪಟ್ಟಿಯ ಮೇಲೆ ಉಣ್ಣೆಯಂಥ ಸಣ್ಣ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅದು ಉದುರಿದ್ದರೆ ಸ್ವರ ಮಂಕಾಗುತ್ತದೆ. ಟೇಪು ಹಾಳಾಗಿದೆ ಅಂತ ಬಿಸಾಡಬೇಡಿ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ರೀಲು ಬದಲಿಸಿದರೆ ಸಾಕು. ಹಾಕುವ ಮುಂಚೆ ಪೆನ್ಸಿಲಿನಿಂದ ನಾಲ್ಕು ಸುತ್ತು ತಿರುಗಿಸಿ ರೀಲು ಸಲೀಸಾಗಿ ಸುತ್ತುವಂತೆ ಮಾಡಿ, ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಓಡಿಸಿ.

ಸಿ.ಡಿ.ಗಳಲ್ಲಿ ಮನೆಯಲ್ಲೇ ಬರೆದುಕೊಂಡವು ಮೊದಲು ಸಾಯುತ್ತವೆ. ಅವುಗಳಲ್ಲಿ ಸ್ವರ ನಿಂತಿರುವುದು ಒಂದು ಬಣ್ಣದ ಪದರದ ಮೇಲೆ, ಬಿಸಿಲು ಶೆಕೆಗೆ ಅದು ಮಾಸುತ್ತದೆ. ಗೀರು ಬಿದ್ದಿರುವುದು ಹೆಸರು ಬರೆದ ಬದಿಯಲ್ಲಾದರೆ ಜಾಸ್ತಿ ಅಪಾಯ, ಯಾಕೆಂದರೆ ಹೊಳೆಯುವ ಪದರ ಅದರ ಅಡಿಯಲ್ಲೇ ಉಂಟು. ಅಜ್ಜನ ಕಾಲದ 78ರ ಗ್ರಾಮಫೋನ್ ತಟ್ಟೆಗಳಿದ್ದರೆ ಸ್ಪಿರಿಟ್ ಹಾಕಿ ಒರೆಸಬೇಡಿ. ಅವು ಅರಗಿನವು, ಕರಗುತ್ತವೆ.

ಕೂಟದ ಕ್ಯಾಸೆಟ್ಟು

ಹೆಚ್ಚಿನವರು ಎಡವುವುದು ಇಲ್ಲಿ. ಪೆಟ್ಟಿಗೆಯಲ್ಲಿ ಒಂದೇ ಪ್ರಸಂಗದ, ಅಂದರೆ ಒಂದೇ ಕಥೆಯ, ಮೂರು ಕ್ಯಾಸೆಟ್ ಇದ್ದರೆ 'ಒಂದು ಸಾಕಲ್ವಾ?' ಅನ್ನುತ್ತಾರೆ. ಸಿನಿಮಾ ಹಾಡಿಗೆ ಆ ಲೆಕ್ಕ ಸರಿ. ಒಂದೇ ಕ್ಯಾಸೆಟ್ಟಿನ ಸಾವಿರ ಪ್ರತಿಯಲ್ಲೂ ಅದೇ ಸ್ವರ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ ಮಾತ್ರ ಬರೆದಿಟ್ಟದ್ದು, ಪಾತ್ರಧಾರಿ ಆಡುವ ಮಾತು, ಅಂದರೆ ಅರ್ಥ, ಆ ಹೊತ್ತಿಗೆ ಹುಟ್ಟಿದ್ದು. ಎದುರು ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಕರ್ಣನ ಮಾತೇ ಬದಲಾಗುತ್ತದೆ. 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅದೇ ಕಲಾವಿದ, ಅದೇ ಪಾತ್ರ, ಬೇರೆ ರಾತ್ರಿ ಅಂದರೆ ಅದು ಬೇರೆಯೇ ಕೂಟ. ಮೂರೂ ಇರಲಿ.

ಹೆಸರಾಂತ ಕಲಾವಿದರ ಮಾರಾಟದ ಕ್ಯಾಸೆಟ್ಟುಗಳು ಎಷ್ಟೋ ಮನೆಯಲ್ಲಿ ಉಂಟು, ನಿಮ್ಮದು ಹೋದರೂ ಇನ್ನೊಂದು ಸಿಕ್ಕೀತು. ದೇವಸ್ಥಾನದ ಚಾವಡಿಯಲ್ಲಿ ಊರಿನ ಮೇಷ್ಟ್ರು, ಪೋಸ್ಟ್‌ಮ್ಯಾನ್ ಸೇರಿ ನಡೆಸಿದ ಕೂಟ ಹಾಗಲ್ಲ. ಅದು ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಎಲ್ಲೂ ಇಲ್ಲ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುವ ತುಳು ಕಥನ ಹಾಡು ಪಾಡ್ದನವೂ ಹಾಗೆಯೇ. ಎಷ್ಟೋ ಗದ್ದೆ ಅಡಿಕೆ ತೋಟವಾಯಿತು, ಹಾಡಿದವರೂ ಇಲ್ಲ.

'ಕರ್ಣ – 2' ಅಂತ ಬರೆದದ್ದು ಸಿಕ್ಕಿ ಒಂದನೆಯದೂ ಮೂರನೆಯದೂ ಕಾಣದಿದ್ದರೆ ಅರ್ಧಂಬರ್ಧ ಅಂತ ಬಿಡಬೇಡಿ. ಉದ್ದದ ಕೂಟ ಒಂದು ಕ್ಯಾಸೆಟ್ಟಿಗೆ ಹಿಡಿಯುವುದಿಲ್ಲ, ಓದುವುದಕ್ಕೆ ಪುಸ್ತಕ ಒಯ್ದವರ ಹಾಗೆ ಕೇಳುವುದಕ್ಕೆ ಕ್ಯಾಸೆಟ್ ಒಯ್ದವರೂ ಇರುತ್ತಾರೆ.

ಸ್ವರ ಯಾರದು ಅಂತ ಈಗಲೇ ಹಿರಿಯರಿಗೆ ಕೇಳಿಸಿ. ಪಡ್ರೆಯಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಪದವನ್ನು ಹಳೆ ಆಟದ ಮರುಳರು ಒಂದೇ ಸಾಲಿಗೆ ಗುರುತಿಸುತ್ತಾರೆ. ಮದ್ದಳೆ ಯಾರದು ಅಂತಲೂ ಕೆಲವರು ಹೇಳಿಯಾರು. ಹೇಳಿದ್ದನ್ನು ಹೇಳಿದವರ ಹೆಸರಿನೊಂದಿಗೆ ಬರೆದಿಡಿ.

ಕಂಪನಿ ಆಲ್ಬಂಗಳ ವಿಚಾರಣೆ

ಇಲ್ಲಿ ಸ್ವಲ್ಪ ಕಠಿಣ ಆಗಬಹುದು. ಒಂದೇ ಹಾಡಿಗಾಗಿ ಇಟ್ಟುಕೊಂಡ ಸಿನಿಮಾ ಕ್ಯಾಸೆಟ್ ಹೋಗಲಿ. ಮೊದಲಿಂದ ಕೊನೆವರೆಗೆ ಅದೇ ಸಾಲಿನಲ್ಲಿ ಕೇಳಿ ಅಭ್ಯಾಸವಾದ ಭಾವಗೀತೆ ಆಲ್ಬಂ ಇರಲಿ. ಉಡುಗೊರೆ ಬಂದು ಪ್ಲಾಸ್ಟಿಕ್ಕೂ ಬಿಚ್ಚದ್ದು ಯಾರಿಗಾದರೂ ಕೊಡಿ, ಪಾಪ.

'ಮೊಬೈಲಿನಲ್ಲಿ ಸಿಗುತ್ತದೆ' ಅಂತ ಸುಮ್ನೆ ನಂಬಬೇಡಿ. ಹುಡುಕಿ, ಒಂದು ನಿಮಿಷ ಎರಡನ್ನೂ ಕೇಳಿ, ಹಾಡಿನ ಉದ್ದ ಹೋಲಿಸಿ. ಅದೇ ಹಾಡನ್ನು ಬೇರೆಯವರಿಂದ ಹಾಡಿಸಿ ಮಾರಿದ ಕ್ಯಾಸೆಟ್ಟುಗಳು ಒಂದು ಕಾಲದಲ್ಲಿ ಬೇಕಾದಷ್ಟಿದ್ದವು, ಈಗ ಸಿಗುವುದು ಅದೇ ಆಗಿರಬಹುದು. ಇವತ್ತು ಇದ್ದದ್ದು ಹಕ್ಕು ಕೈಬದಲಾದರೆ ನಾಳೆ ಇರುವುದಿಲ್ಲ. ಟೇಪು ಸತ್ತಿದ್ದರೂ ಒಳಗಿನ ಕಾಗದ ಬಿಸಾಡಬೇಡಿ. ಕೊಳಲು, ತಬಲಾ ಯಾರು ನುಡಿಸಿದ್ದು ಅನ್ನುವುದು ಎಷ್ಟೋ ಸಲ ಅಲ್ಲಿ ಮಾತ್ರ ಇರುತ್ತದೆ.

ಕಾಪಿ, ಆಮೇಲೆ ವಿಲೇವಾರಿ

ಮೂರನೇ ರಾಶಿಯನ್ನು ಮೊದಲು ಕಂಪ್ಯೂಟರಿಗೆ ಏರಿಸಿ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿಕೊಳ್ಳಿ. ಸಿ.ಡಿ. ಗುಣಮಟ್ಟದ ವೇವ್ ಫೈಲಿಗೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಕು. ಸಿ-90 ಒಂದಕ್ಕೆ ಹತ್ತಿರಹತ್ತಿರ 1 ಜಿ.ಬಿ. ಅಂದರೆ 64 ಜಿ.ಬಿ.ಯ ಪೆನ್‌ಡ್ರೈವಿಗೆ 60ಕ್ಕೂ ಜಾಸ್ತಿ ಕ್ಯಾಸೆಟ್ ಹಿಡಿಯುತ್ತದೆ. ಜಾಗ ಉಳಿಸಲು ಫ್ಲ್ಯಾಕ್ ಅನ್ನುವ ಫೈಲ್ ರೂಪಕ್ಕೆ ಬದಲಿಸಿ; ಸುಮಾರು ಅರ್ಧಕ್ಕೆ ಇಳಿಯುತ್ತದೆ, ಸ್ವರ ಕೆಡುವುದಿಲ್ಲ. ಎರಡು ಕಡೆ ಇಡಿ, ಒಂದು ಬೇರೆ ಊರಿನವರ ಹತ್ತಿರ. ಫೈಲಿನ ಹೆಸರಲ್ಲಿ ಪ್ರಸಂಗ, ಊರು, ವರ್ಷ ಇರಲಿ. ಗೊತ್ತಿಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕಿ, ಊಹೆ ಬೇಡ. ಮೂಲ ಕ್ಯಾಸೆಟ್ಟನ್ನೂ ಇಟ್ಟುಕೊಳ್ಳಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬದಲ್ಲಿ, ಸ್ಪೀಕರಿನಿಂದ ದೂರ.

ಬೇಡವಾದದ್ದನ್ನು ಬಚ್ಚಲ ಒಲೆಗೆ ಮಾತ್ರ ಹಾಕಬೇಡಿ, ಪ್ಲಾಸ್ಟಿಕ್ ಹೊಗೆ ಮನೆಯೊಳಗೇ ಸುತ್ತುತ್ತದೆ. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಪಂಚಾಯತಿನ ಹರಿತ ಕರ್ಮಸೇನೆಯವರು ಬಂದಾಗ ಕೇಳಿ ಕೊಡಿ.

ಕಾಪಿ ಆದ ಕೂಡಲೇ ಯೂಟ್ಯೂಬಿಗೆ ಹಾಕುವ ಆಸೆ ಬರುತ್ತದೆ. ನಮ್ಮ ಕಾನೂನಿನಲ್ಲಿ ಪ್ರಕಟವಾದ ಧ್ವನಿಮುದ್ರಣದ ಹಕ್ಕು 60 ವರ್ಷ. 1985ರ ಕ್ಯಾಸೆಟ್ಟಿಗೆ 2045ರ ಕೊನೆವರೆಗೂ ಉಂಟು. ಕಲಾವಿದರ ಹಕ್ಕು ಬೇರೆ, 50 ವರ್ಷ. ಊರ ಕೂಟದಲ್ಲಿ ಕೂತವರ ಮನೆಯವರು ಹೆಚ್ಚಾಗಿ ಇಲ್ಲೇ ಬಾಯಾರಿನಲ್ಲೋ ಪೆರ್ಲದಲ್ಲೋ ಬದಿಯಡ್ಕದಲ್ಲೋ ಇರುತ್ತಾರೆ. ಹೋಗಿ ಕೇಳಿ, ಒಂದು ಕಾಪಿ ಕೊಡಿ. ಕರ್ಣನ ಮೂರನೇ ಭಾಗ ಅವರ ಅಟ್ಟದಲ್ಲಿ ಇದ್ದರೂ ಇದ್ದೀತು.